ಸಂಧಿವಾತವೂ ವಂಶದ ಮಾತೂ: ಒಂದು ಚಾರಿತ್ರಿಕ ವಿವೇಚನೆ

೧. ಪ್ರಶ್ನೆಯ ಸ್ವರೂಪ

ಬೆಂಗಳೂರು ನಗರದ ಪೂರ್ವ, ಉತ್ತರ, ಪಶ್ಚಿಮ ದಿಕ್ಕುಗಳಲ್ಲಿ ಹಬ್ಬಿರುವ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಸೀಮೆಯಲ್ಲಿ ಹೆಣ್ಣುಗಂಡಿನ ಸಂಬಂಧ ಕುದುರುವ ಮೊದಲು ಹಿರಿಯರು ವಿಚಾರಿಸಿ ತಿಳಿದುಕೊಳ್ಳುವ ಸಂಗತಿಗಳು ಹಲವು. ಬೆಡಗು ಯಾವುದು, ಹೊಲಮನೆ ಎಷ್ಟು, ಹಿಂದೆ ಕೊಟ್ಟು ತಂದ ಮನೆತನಗಳು ಯಾವುವು ಎಂಬುವುಗಳ ಜೊತೆಯಲ್ಲಿ, ಮೆಲುದನಿಯಲ್ಲಿಯಾದರೂ, ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: ಆ ಮನೆಯಲ್ಲಿ ವಂಶದ ಕಾಯಿಲೆ ಏನಾದರೂ ಉಂಟೆ? ಹುಡುಗಿಯ ತಾಯಿಯ ಕೈಬೆರಳುಗಳು ಸೊಟ್ಟಗಾಗಿ, ಮಣಿಕಟ್ಟು ಊದಿ, ಬೆಳಗಿನ ಹೊತ್ತು ಸೌಟು ಹಿಡಿಯಲೂ ಆಗದಂತಿದ್ದರೆ ಆ ಪ್ರಶ್ನೆಗೆ ಬೇರೆ ಉತ್ತರ ಬೇಕಾಗುವುದಿಲ್ಲ. ತಾಯಿಗೆ ಬಂದದ್ದು ಮಗಳಿಗೂ ಬಂದೀತು ಎಂಬ ತೀರ್ಮಾನ ತಾನಾಗಿಯೇ ಆಗಿಬಿಡುತ್ತದೆ. ಈ ಅಂಜಿಕೆಯಿಂದಲೇ ನೋವನ್ನು ಹೊರಗೆ ಹೇಳದೆ, ವೈದ್ಯರಲ್ಲಿಗೆ ಹೋಗದೆ ದಿನ ದೂಡುವುದೂ ಉಂಟು.

ಈ ತೀರ್ಮಾನ ಎಷ್ಟರಮಟ್ಟಿಗೆ ಸಾಧುವಾದುದು? ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಚಿಕಿತ್ಸಕರ ದೃಷ್ಟಿಯಿಂದಲ್ಲ, ಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸಿದ್ದೇವೆ. ‘ವಂಶದ ಕಾಯಿಲೆ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಅರ್ಥಗಳು ಅಡಗಿವೆ. ಒಂದು ಮನೆಯಲ್ಲಿ ಹಲವರಿಗೆ ಕಾಣಿಸಿಕೊಳ್ಳುವ ಕಾಯಿಲೆ ಎಂಬುದು ಒಂದು ಅರ್ಥ. ತಂದೆತಾಯಿಗಳಿಂದ ಇಳಿದುಬಂದ ಒಂದೇ ಒಂದು ವಂಶವಾಹಿಯ ದೋಷದಿಂದ ಉಂಟಾಗುವ ಕಾಯಿಲೆ ಎಂಬುದು ಎರಡನೆಯದು. ಹಲವು ವಂಶವಾಹಿಗಳು ಸೇರಿ ಕೊಡುವ ಅಲ್ಪಸ್ವಲ್ಪ ಒಲವಿನಿಂದ, ಹೊರಗಿನ ಕಾರಣಗಳೂ ಕೂಡಿದಾಗ ಮಾತ್ರ ತಲೆದೋರುವ ಕಾಯಿಲೆ ಎಂಬುದು ಮೂರನೆಯದು. ಈ ಮೂರನ್ನು ಬೇರ್ಪಡಿಸಿ ನೋಡಲು ವೈದ್ಯವಿಜ್ಞಾನಕ್ಕೇ ಎರಡು ಶತಮಾನಗಳು ಹಿಡಿದವು. ಆ ದಾರಿಯನ್ನು ಅರಿತರೆ ಮದುವೆಯ ಮಾತಿನಲ್ಲಿ ಆಗುವ ಅನ್ಯಾಯ ಎಲ್ಲಿದೆಯೆಂಬುದು ತಿಳಿದೀತೆಂಬುದು ನಮ್ಮ ಅಭಿಪ್ರಾಯ.

ಮೊದಲು ವಿಷಯದ ಎಲ್ಲೆಯನ್ನು ಗುರುತಿಸಿಕೊಳ್ಳುವುದು ಲೇಸು. ಕೀಲುನೋವುಗಳೆಲ್ಲ ಒಂದೇ ಅಲ್ಲ. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವು ಬೇರೆ; ಜ್ವರದ ಬೆನ್ನಿಗೆ ಬರುವುದು ಬೇರೆ. ನಾವು ಇಲ್ಲಿ ವಿಚಾರಿಸುತ್ತಿರುವುದು ರುಮಟಾಯ್ಡ್ ಸಂಧಿವಾತವನ್ನು. ದೇಹವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ತಿರುಗಿಬಿದ್ದು ಕೀಲುಗಳ ಒಳಪೊರೆಯ ಮೇಲೆ ಎರಗುವುದು ಇದರ ಲಕ್ಷಣ. ಎರಡೂ ಕೈಗಳ ಸಣ್ಣ ಕೀಲುಗಳು ಒಂದೇ ರೀತಿಯಲ್ಲಿ ಊದಿಕೊಳ್ಳುತ್ತವೆ. ಬೆಳಗ್ಗೆ ಎದ್ದಾಗ ಬಹಳ ಹೊತ್ತು ಬಿಗಿತವಿರುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಎಲುಬು ಸವೆದು ಬೆರಳುಗಳು ವಕ್ರವಾಗುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು.

೨. ಪ್ರಾಚೀನರ ವಿಚಾರ

ರೋಗವು ಹುಟ್ಟಿನಿಂದಲೇ ಬರಬಹುದೆಂಬ ಕಲ್ಪನೆ ನಮ್ಮಲ್ಲಿ ಹೊಸತಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ವ್ಯಾಧಿಗಳನ್ನು ಏಳು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಮೊದಲನೆಯದಕ್ಕೆ ‘ಆದಿಬಲಪ್ರವೃತ್ತ’ ಎಂಬ ಹೆಸರನ್ನು ಕೊಟ್ಟಿದೆ. ಶುಕ್ರಶೋಣಿತಗಳ ದೋಷದಿಂದ ಬರುವ ಈ ವರ್ಗವನ್ನು ತಾಯಿಯ ಕಡೆಯದು, ತಂದೆಯ ಕಡೆಯದು ಎಂದು ಮತ್ತೆ ಎರಡಾಗಿ ಒಡೆಯಲಾಗಿದೆ. ಉದಾಹರಣೆಯಾಗಿ ಅಲ್ಲಿ ಹೇಳಿರುವುದು ಕುಷ್ಠ ಮತ್ತು ಮೂಲವ್ಯಾಧಿಗಳನ್ನು. ಸಂಧಿರೋಗವನ್ನಲ್ಲ ಎಂಬ ಅಂಶ ಗಮನಾರ್ಹವಾಗಿದೆ. ಕುಷ್ಠವು ಸೂಕ್ಷ್ಮಜೀವಿಯಿಂದ ಬರುವುದೆಂದು ನಾರ್ವೆಯ ಹಾನ್ಸನ್ ೧೮೭೩ರಲ್ಲಿ ತೋರಿಸಿಕೊಟ್ಟನು. ಒಂದೇ ಮನೆಯಲ್ಲಿ ಹಲವರಿಗೆ ಕಾಣಿಸಿದುದನ್ನೆಲ್ಲ ಬೀಜದ ದೋಷವೆಂದು ಎಣಿಸುವುದು ಎಷ್ಟು ಸುಲಭವಾದ ತಪ್ಪೆಂಬುದಕ್ಕೆ ಇದು ಮೊದಲ ನಿದರ್ಶನ.

ಕೀಲುಗಳ ವಿಷಯಕ್ಕೆ ಬಂದರೆ, ಚರಕಸಂಹಿತೆ ವಾತರಕ್ತವನ್ನು ವರ್ಣಿಸುತ್ತದೆ. ಅನಂತರ ಬಂದ ಮಾಧವನಿದಾನವು ಆಮವಾತಕ್ಕೆ ಪ್ರತ್ಯೇಕವಾದ ಅಧ್ಯಾಯವನ್ನೇ ಮೀಸಲಿಟ್ಟಿದೆ. ಜೀರ್ಣವಾಗದೆ ಉಳಿದ ಆಮವು ವಾತದೊಡನೆ ಸೇರಿ ಕೀಲುಗಳಲ್ಲಿ ನೆಲಸುವುದೆಂಬುದು ಅಲ್ಲಿಯ ಸಿದ್ಧಾಂತ. ಇಂದಿನ ಆಯುರ್ವೇದ ವೈದ್ಯರಲ್ಲಿ ಹಲವರು ರುಮಟಾಯ್ಡ್ ಸಂಧಿವಾತವನ್ನು ಆಮವಾತವೆಂದೇ ಕರೆಯುವುದುಂಟು. ಎರಡೂ ಪೂರ್ಣವಾಗಿ ಒಂದೇ ಎಂದು ನಾವು ಹೇಳಲಾರೆವು. ಆದರೆ ಆಹಾರವಿಹಾರಗಳೇ ಆಮಕ್ಕೆ ಕಾರಣವೆಂದು ಹೇಳಿದ ಈ ಪರಂಪರೆಯಲ್ಲಿ ಕುಲದ ಮೇಲೆ ಅಪವಾದವನ್ನು ಹೊರಿಸಿಲ್ಲವೆಂಬುದನ್ನು ಮಾತ್ರ ಇಲ್ಲಿ ಗುರುತಿಸಬಯಸುತ್ತೇವೆ.

೩. ತಂದೆ ಇಟ್ಟ ಹೆಸರು, ಮಗ ಕಂಡ ನಿಯಮ

ಪಶ್ಚಿಮದಲ್ಲಿ ಈ ರೋಗವನ್ನು ಗೌಟ್ ಎಂಬ ಕೀಲುರೋಗದಿಂದ ಬೇರ್ಪಡಿಸಿ ಬರೆದವರಲ್ಲಿ ಮೊದಲಿಗನೆಂದು ಪ್ಯಾರಿಸ್ಸಿನ ಲಾಂದ್ರೆ-ಬೋವೆಯನ್ನು ಹೆಸರಿಸುವುದು ರೂಢಿ. ಆತನು ೧೮೦೦ರಲ್ಲಿ ಸಲ್ಪೆತ್ರಿಯೇರ್ ಆಸ್ಪತ್ರೆಯ ಒಂಬತ್ತು ಮಂದಿ ಹೆಂಗಸರನ್ನು ಕುರಿತು ಬರೆದನು. ಗೌಟ್ ಶ್ರೀಮಂತರ ರೋಗವೆಂದು ಹೆಸರಾಗಿದ್ದ ಕಾಲದಲ್ಲಿ, ಆತನು ಕಂಡದ್ದು ಬಡ ಹೆಂಗಸರ ರೋಗವನ್ನು. ಮುಂದೆ ೧೮೫೯ರಲ್ಲಿ ಲಂಡನ್ನಿನ ಆಲ್ಫ್ರೆಡ್ ಬೇರಿಂಗ್ ಗ್ಯಾರಡ್ ಇದಕ್ಕೆ ‘ರುಮಟಾಯ್ಡ್ ಆರ್ಥ್ರೈಟಿಸ್’ ಎಂಬ ಹೆಸರನ್ನು ಸೂಚಿಸಿದನು. ಗೌಟ್ ಇರುವವರ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿರುವುದೆಂದು ಕಂಡುಹಿಡಿದವನೂ ಈತನೇ. ಹೀಗೆ ರಸಾಯನ ಪರೀಕ್ಷೆಯಿಂದಲೇ ಎರಡು ಕೀಲುರೋಗಗಳು ಬೇರೆಯಾದವು.

ಈತನ ಮಗ ಆರ್ಚಿಬಾಲ್ಡ್ ಗ್ಯಾರಡ್ ೧೮೯೦ರಲ್ಲಿ ತಂದೆಯ ವಿಷಯವನ್ನೇ ಮುಂದುವರಿಸಿ ವಾತರೋಗಗಳ ಮೇಲೆ ಒಂದು ಗ್ರಂಥವನ್ನು ಬರೆದನು. ಆದರೆ ಆತನಿಗೆ ಶಾಶ್ವತ ಕೀರ್ತಿಯನ್ನು ತಂದದ್ದು ಬೇರೊಂದು ಕಾಯಿಲೆ. ಆಲ್ಕಾಪ್ಟನ್ಯೂರಿಯ ಎಂಬ ವಿರಳವಾದ ಸ್ಥಿತಿಯಲ್ಲಿ ಮೂತ್ರವು ಗಾಳಿ ತಾಗಿದೊಡನೆ ಕಪ್ಪಾಗುತ್ತದೆ. ಅದೇ ಕಪ್ಪು ಬಣ್ಣ ಮೃದ್ವಸ್ಥಿಯಲ್ಲಿ ಕೂಡಿಕೊಂಡು ನಡುವಯಸ್ಸಿನಲ್ಲಿ ಬೆನ್ನು, ಮಂಡಿಗಳನ್ನು ಕೆಡಿಸುತ್ತದೆ. ಇಂಥ ಮಕ್ಕಳ ತಂದೆತಾಯಿಗಳಲ್ಲಿ ಅನೇಕರು ಒಡಹುಟ್ಟಿದವರ ಮಕ್ಕಳಾಗಿರುವುದನ್ನು ಗ್ಯಾರಡ್ ಗಮನಿಸಿದನು. ಮೆಂಡೆಲ್ಲನ ನಿಯಮಗಳು ಮತ್ತೆ ಬೆಳಕಿಗೆ ಬಂದು ಎರಡೇ ವರ್ಷಗಳಾಗಿದ್ದುವು. ಬೇಟ್ಸನ್ ಎಂಬ ಜೀವವಿಜ್ಞಾನಿಯ ನೆರವಿನಿಂದ ೧೯೦೨ರಲ್ಲಿ ಗ್ಯಾರಡ್ ಇದಕ್ಕೆ ಕಾರಣವನ್ನು ಹೇಳಿದನು: ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ದೋಷಯುಕ್ತವಾದ ಎರಡು ಪ್ರತಿಗಳು ಕೂಡಿದಾಗ ಮಾತ್ರ ಕಾಯಿಲೆ ಕಾಣಿಸುತ್ತದೆ, ಒಂದೇ ಪ್ರತಿಯಿದ್ದವರು ಆರೋಗ್ಯವಂತರಾಗಿಯೇ ಇರುತ್ತಾರೆ, ಒಂದೇ ಮನೆತನದೊಳಗೆ ಮದುವೆಯಾದಾಗ ಆ ಎರಡು ಪ್ರತಿಗಳು ಕೂಡುವ ಸಂಭವ ಹೆಚ್ಚು.

ಕನ್ನಡನಾಡಿಗೆ ಈ ಮಾತು ನೇರವಾಗಿ ತಟ್ಟುತ್ತದೆ. ಅಕ್ಕನ ಮಗಳನ್ನು ತರುವುದೂ, ಸೋದರಮಾವನ ಮಗಳನ್ನು ತರುವುದೂ ನಮ್ಮಲ್ಲಿ ಹಳೆಯ ರೂಢಿ. ೧೯೮೦ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಹಾಗೂ ಲಂಡನ್ನಿನ ಎ. ಎಚ್. ಬಿಟಲ್ಸ್ ಮೊದಲಾದವರು ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳ ರಕ್ತಪರೀಕ್ಷೆಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದರು. ಆಗ ತಿಳಿದುಬಂದಂತೆ, ಮದುವೆಗಳಲ್ಲಿ ಸುಮಾರು ಮೂರರಲ್ಲಿ ಒಂದು ರಕ್ತಸಂಬಂಧದೊಳಗಿನದು. ಮಾವ-ಸೊಸೆಯರ ಮದುವೆಯಲ್ಲಿ ಹುಟ್ಟಿದ ಮಗುವಿಗೆ ಒಂದೇ ಪೂರ್ವಿಕರ ಒಂದೇ ವಂಶವಾಹಿಯ ಎರಡು ಪ್ರತಿಗಳು ದೊರೆಯುವ ಸಂಭವ ಎಂಟರಲ್ಲಿ ಒಂದು. ಸೋದರತ್ತೆ-ಸೋದರಮಾವಂದಿರ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಗ್ಯಾರಡ್ ಕಂಡ ಬಗೆಯ ರೋಗಗಳಿಗೆ ಈ ಲೆಕ್ಕ ಸಲ್ಲುತ್ತದೆ. ಆದರೆ ಆತನ ತಂದೆ ಹೆಸರಿಟ್ಟ ಸಂಧಿವಾತ ಆ ಬಗೆಯದಲ್ಲ. ಈ ಎರಡನ್ನು ಒಂದೆಂದು ಭಾವಿಸಿ, ಸೋದರಿಕೆಯಲ್ಲಿ ಮದುವೆಯಾದ್ದರಿಂದಲೇ ಮಗಳಿಗೆ ಸಂಧಿವಾತ ಬಂತೆಂದು ಆಡಿಕೊಳ್ಳುವುದಕ್ಕೆ ಆಧಾರವಿಲ್ಲ.

೪. ಸೋಂಕಿನ ಸಿದ್ಧಾಂತ ಮತ್ತು ಅವಳಿಗಳ ಸಾಕ್ಷ್ಯ

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ವಿದ್ವಾಂಸರ ಗಮನ ವಂಶದಿಂದ ಸೋಂಕಿನ ಕಡೆಗೆ ಹರಿಯಿತು. ಹಲ್ಲಿನ ಬುಡದಲ್ಲೋ ಗಂಟಲ ಗ್ರಂಥಿಯಲ್ಲೋ ಅಡಗಿರುವ ಸೋಂಕು ಕೀಲುಗಳನ್ನು ಕೆಡಿಸುವುದೆಂದು ನಂಬಿ, ಯುರೋಪು ಅಮೆರಿಕಗಳಲ್ಲಿ ಅಸಂಖ್ಯ ರೋಗಿಗಳ ಹಲ್ಲು ಕಿತ್ತರು, ಗ್ರಂಥಿಗಳನ್ನು ಕೊಯ್ದರು. ಕ್ಷಯದ ಸೂಕ್ಷ್ಮಜೀವಿಯನ್ನು ಬಂಗಾರದ ಲವಣವು ತಡೆಯುವುದೆಂದು ಕಾಕ್ ೧೮೯೦ರಲ್ಲಿ ಹೇಳಿದ್ದನು. ಸಂಧಿವಾತವೂ ಕ್ಷಯದಂತಹ ಸೋಂಕೇ ಇರಬೇಕೆಂದು ಊಹಿಸಿ ಫ್ರಾನ್ಸಿನ ಫಾರೆಸ್ಟಿಯೆ ೧೯೨೯ರಲ್ಲಿ ಬಂಗಾರದ ಲವಣವನ್ನೇ ಕೀಲುರೋಗಿಗಳಿಗೆ ಕೊಟ್ಟನು. ಊಹೆ ತಪ್ಪಾಗಿತ್ತು, ಔಷಧ ಮಾತ್ರ ಹಲವರಿಗೆ ಗುಣ ಕೊಟ್ಟು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಬಳಕೆಯಲ್ಲಿ ಉಳಿಯಿತು.

ಕ್ಷಯದ ಮಾತು ಬಂದುದರಿಂದ ನಮ್ಮ ಸೀಮೆಯ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ೧೯೫೯ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ೧೯೬೧ರಿಂದ ೧೯೬೮ರ ವರೆಗೆ ಅಂದಿನ ಬೆಂಗಳೂರು ಜಿಲ್ಲೆಯ ೧೧೯ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ಅದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಕ್ಷಯವು ಹಳ್ಳಿಯಲ್ಲಿ ಹೇಗೆ ಹುಟ್ಟಿ, ಹೇಗೆ ಉಳಿದು, ಯಾರನ್ನು ಒಯ್ಯುತ್ತದೆಂಬುದು ಜಗತ್ತಿಗೆ ತಿಳಿದುದು ಬಹುಮಟ್ಟಿಗೆ ಈ ಹಳ್ಳಿಗಳಿಂದ. ಕ್ಷಯವನ್ನೂ ಒಂದು ಕಾಲದಲ್ಲಿ ಮನೆತನದ ರೋಗವೆಂದು ಭಾವಿಸಿ ಸಂಬಂಧ ಬೆಳೆಸಲು ಹಿಂಜರಿಯುತ್ತಿದ್ದರು. ಎಣಿಸಿ ನೋಡಿದ ಮೇಲೆ ಅದು ಸೋಂಕೆಂಬ ಅರಿವು ಗಟ್ಟಿಯಾಯಿತು. ಎಣಿಕೆಯಿಲ್ಲದ ಕಡೆ ಅಪವಾದವೇ ಪ್ರಮಾಣವಾಗಿ ನಿಲ್ಲುತ್ತದೆ.

ಸಂಧಿವಾತದಲ್ಲಿಯೂ ಎಣಿಕೆಯೇ ದಾರಿ ತೋರಿಸಿತು. ೧೯೪೦ರಲ್ಲಿ ನಾರ್ವೆಯ ವಾಲರ್, ೧೯೪೮ರಲ್ಲಿ ಅಮೆರಿಕದ ರೋಸ್ ಇವರು ರೋಗಿಗಳ ರಕ್ತದಲ್ಲಿ ಒಂದು ವಿಲಕ್ಷಣ ಪ್ರತಿಕಾಯವನ್ನು ಕಂಡರು. ದೇಹದ ಪ್ರತಿಕಾಯದ ಮೇಲೆಯೇ ಎರಗುವ ಈ ಪ್ರತಿಕಾಯಕ್ಕೆ ರುಮಟಾಯ್ಡ್ ಅಂಶವೆಂದು ಹೆಸರಾಯಿತು. ದೇಹ ತನ್ನನ್ನೇ ಹಗೆಯೆಂದು ತಿಳಿಯಬಹುದೆಂಬ ವಿಚಾರಕ್ಕೆ ಇದರಿಂದ ಬಲ ಬಂದಿತು. ಆ ಪ್ರಮಾದಕ್ಕೆ ಬೀಜ ಎಲ್ಲಿದೆ? ಇದನ್ನು ತಿಳಿಯಲು ಅವಳಿಗಳೇ ಒಳ್ಳೆಯ ಸಾಕ್ಷಿಗಳು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ವಂಶವಾಹಿಗಳೆಲ್ಲ ಒಂದೇ. ೧೯೯೩ರಲ್ಲಿ ಬ್ರಿಟನ್ನಿನಿಂದ ಪ್ರಕಟವಾದ ಅಧ್ಯಯನದ ಪ್ರಕಾರ, ಅಂಥ ಜೋಡಿಯಲ್ಲಿ ಒಬ್ಬರಿಗೆ ಸಂಧಿವಾತವಿದ್ದರೆ ಇನ್ನೊಬ್ಬರಿಗೂ ಇದ್ದುದು ನೂರರಲ್ಲಿ ಸುಮಾರು ೧೫ ಜೋಡಿಗಳಲ್ಲಿ. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿ ಸುಮಾರು ೪ ಜೋಡಿಗಳಲ್ಲಿ. ಈ ಅಂಕಿಗಳು ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತವೆ. ಹದಿನೈದು ನಾಲ್ಕಕ್ಕಿಂತ ಹೆಚ್ಚಾದ್ದರಿಂದ ವಂಶದ ಪಾಲು ಇದೆಯೆಂಬುದು ನಿಜ. ಆದರೆ ವಂಶವಾಹಿಗಳೆಲ್ಲ ಒಂದೇ ಆಗಿದ್ದರೂ ಉಳಿದ ೮೫ ಜೋಡಿಗಳಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಂದಿಲ್ಲ. ಆದಕಾರಣ ವಂಶವೊಂದೇ ಕಾರಣವೆಂಬ ವಾದ ನಿಲ್ಲುವುದಿಲ್ಲ.

೫. ಹಂದಿಗೋಡಿನ ಪಾಠ

ಹಾಗಾದರೆ ಒಂದೇ ವಂಶವಾಹಿಯಿಂದ ಬರುವ ಕೀಲುರೋಗ ಇಲ್ಲವೇ ಇಲ್ಲವೆ? ಉಂಟು, ಅದರ ಪ್ರಸಿದ್ಧವಾದ ನಿದರ್ಶನ ನಮ್ಮ ನಾಡಿನಲ್ಲಿಯೇ ಇದೆ. ಹೋಲಿಕೆಗಾಗಿ ಇಲ್ಲಿ ನಾವು ಬಯಲುಸೀಮೆಯನ್ನು ಬಿಟ್ಟು ಮಲೆನಾಡಿಗೆ ಹೋಗಬೇಕಾಗಿದೆ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ೧೯೭೫ರ ಸುಮಾರಿನಲ್ಲಿ ಒಂದು ವಿಚಿತ್ರವಾದ ರೋಗ ಸರ್ಕಾರದ ಗಮನಕ್ಕೆ ಬಂದಿತು. ಸೊಂಟದ ಕೀಲುಗಳು ಸವೆದು ನಡೆಯಲಾರದವರು, ಬೆನ್ನು ಬಾಗಿದವರು, ಎತ್ತರ ಬೆಳೆಯದವರು ಒಂದೊಂದು ಮನೆಯಲ್ಲಿಯೂ ಹಲವರಿದ್ದರು. ಪೀಡಿತರೆಲ್ಲ ಬಹುಮಟ್ಟಿಗೆ ಬಡ ದಲಿತ ಕೃಷಿಕಾರ್ಮಿಕ ಕುಟುಂಬಗಳವರು. ಗದ್ದೆಗಳಿಗೆ ಕೀಟನಾಶಕ ಬಂದ ಕಾಲವದು. ಆದ್ದರಿಂದ ಗದ್ದೆಯ ಏಡಿಗಳನ್ನು ತಿಂದುದರಿಂದ ವಿಷ ಸೇರಿ ಹೀಗಾಯಿತೆಂಬ ಊಹೆ ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ ೧೯೭೭ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿರೋಗವೆಂದು ಕರೆದರು. ಮುಂದೆ ಎಸ್. ಎಸ್. ಅಗರ್ವಾಲ್ ಮತ್ತು ಅವರ ಸಂಗಡಿಗರು ವಂಶಾವಳಿಗಳನ್ನೂ ಎಕ್ಸ್-ರೇ ಚಿತ್ರಗಳನ್ನೂ ಪರಿಶೀಲಿಸಿ, ಇದು ಎಲುಬಿನ ಬೆಳವಣಿಗೆಯ ಆನುವಂಶಿಕ ದೋಷವೆಂದೂ, ಒಂದೇ ಪ್ರತಿಯಿದ್ದರೂ ಕಾಣಿಸಿಕೊಳ್ಳುವ ಪ್ರಬಲ ಬಗೆಯದೆಂದೂ ೧೯೯೪ರಲ್ಲಿ ತೋರಿಸಿಕೊಟ್ಟರು. ದಕ್ಷಿಣ ಆಫ್ರಿಕದ ಮ್ಸೆಲೆನಿ ಎಂಬಲ್ಲಿಯ ರೋಗದೊಡನೆ ಇದನ್ನು ಹೋಲಿಸಿದ ಲೇಖನವೂ ೧೯೯೭ರಲ್ಲಿ ಹೊರಬಂದಿತು.

ಈ ಚರಿತ್ರೆಯಲ್ಲಿ ಮೂರು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದಾಗಿ, ಪ್ರಬಲ ಬಗೆಯ ರೋಗದಲ್ಲಿ ತಂದೆತಾಯಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ ಪ್ರತಿಯೊಂದು ಮಗುವಿಗೂ ಎರಡರಲ್ಲಿ ಒಂದು ಪಾಲು ಸಂಭವವಿದೆ. ಮದುವೆಯ ಮಾತಿನಲ್ಲಿ ಜನ ಹೆದರುವುದು ಇಂಥ ಲೆಕ್ಕಕ್ಕೆ. ಎರಡನೆಯದಾಗಿ, ಇದು ರುಮಟಾಯ್ಡ್ ಸಂಧಿವಾತವಲ್ಲ. ಇಲ್ಲಿ ದೇಹ ತನ್ನ ಮೇಲೆ ತಾನು ಎರಗುವುದಿಲ್ಲ, ಎಲುಬು ಮೊದಲಿನಿಂದಲೇ ಸರಿಯಾಗಿ ರೂಪುಗೊಂಡಿರುವುದಿಲ್ಲ. ಮೂರನೆಯದಾಗಿ, ಹೊರಗಿನ ವಿಷವೆಂದು ಊಹಿಸಿದುದು ಒಳಗಿನ ವಂಶವೆಂದು ತಿಳಿದುದು ವಂಶಾವಳಿಗಳನ್ನು ತಾಳ್ಮೆಯಿಂದ ಬರೆದ ಮೇಲೆ. ಕಾರಣ ತಿಳಿದೊಡನೆ ಆ ಕುಟುಂಬಗಳ ಕಷ್ಟ ತೀರಲಿಲ್ಲ. ರೋಗಕ್ಕೆ ಊರಿನ ಹೆಸರೇ ಅಂಟಿಕೊಂಡಿತು. ವಿಜ್ಞಾನವು ಕೊಡುವ ಹೆಸರೂ ಕೆಲವೊಮ್ಮೆ ಜನರ ತಲೆಯ ಮೇಲೆ ಹೊರೆಯಾಗುತ್ತದೆಂಬುದನ್ನು ಮರೆಯಲಾಗದು.

೬. ಒಲವಿನ ಗುರುತುಗಳು

ಮತ್ತೆ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಪ್ಯಾರಿಸ್ಸಿನ ದೋಸೆ ೧೯೫೮ರಲ್ಲಿ ಬಿಳಿಯ ರಕ್ತಕಣಗಳ ಮೇಲಿರುವ ಗುರುತುಗಳನ್ನು ಮೊದಲು ಕಂಡನು. ಒಬ್ಬರ ಅಂಗವನ್ನು ಇನ್ನೊಬ್ಬರ ದೇಹ ಒಪ್ಪುವುದೋ ಬಿಡುವುದೋ ಈ ಗುರುತುಗಳ ಮೇಲೆ ನಿಂತಿದೆ. ಇವುಗಳಿಗೆ ಎಚ್‌ಎಲ್‌ಎ ಎಂದು ಹೆಸರು. ಇವು ಪ್ರೋಟೀನಿನ ತುಣುಕುಗಳನ್ನು ಎತ್ತಿ ಹಿಡಿದು ರಕ್ಷಣಾಕಣಗಳಿಗೆ ತೋರಿಸುವ ಕೈಗಳಿದ್ದಂತೆ. ಯಾವುದು ನಮ್ಮದು, ಯಾವುದು ಪರಕೀಯ ಎಂಬ ತೀರ್ಪು ಇದರಿಂದ ಆಗುತ್ತದೆ. ಅಮೆರಿಕದ ಪೀಟರ್ ಸ್ಟಾಸ್ಟ್ನಿ ೧೯೭೮ರಲ್ಲಿ ಪ್ರಕಟಿಸಿದಂತೆ, ಆತನು ಪರೀಕ್ಷಿಸಿದ ಸಂಧಿವಾತ ರೋಗಿಗಳಲ್ಲಿ ನೂರಕ್ಕೆ ೭೦ ಮಂದಿಯಲ್ಲಿ ಡಿಆರ್‌೪ ಎಂಬ ಗುರುತು ಇದ್ದಿತು. ವಾಚಕರು ಇದೇ ಲೇಖನದ ಇನ್ನೊಂದು ಅಂಕಿಯನ್ನೂ ನೋಡಬೇಕು: ರೋಗವಿಲ್ಲದವರಲ್ಲಿಯೂ ನೂರಕ್ಕೆ ೨೮ ಮಂದಿಗೆ ಆ ಗುರುತು ಇದ್ದಿತು. ಗುರುತಿದ್ದೂ ನೆಮ್ಮದಿಯಾಗಿ ಬಾಳಿದವರು ರೋಗಿಗಳಿಗಿಂತ ಎಷ್ಟೋ ಪಾಲು ಹೆಚ್ಚೆಂಬುದು ಇದರಿಂದ ಸ್ಪಷ್ಟ.

ಎಲ್ಲ ಜನಾಂಗಗಳಲ್ಲಿಯೂ ಡಿಆರ್‌೪ ಒಂದೇ ಗುರುತಾಗಿರಲಿಲ್ಲ. ಗ್ರೆಗರ್ಸನ್, ಸಿಲ್ವರ್, ವಿಂಚೆಸ್ಟರ್ ಎಂಬ ಮೂವರು ೧೯೮೭ರಲ್ಲಿ ಈ ತೊಡಕನ್ನು ಬಿಡಿಸಿದರು. ಹೆಸರು ಬೇರೆಯಾದರೂ ರೋಗಕ್ಕೆ ಒಲವು ಕೊಡುವ ಗುರುತುಗಳಲ್ಲೆಲ್ಲ ೭೦ರಿಂದ ೭೪ರ ವರೆಗಿನ 

ಸ್ಥಾನಗಳಲ್ಲಿ ಅಮೈನೋ ಆಮ್ಲಗಳ ಜೋಡಣೆ ಹೆಚ್ಚುಕಡಿಮೆ ಒಂದೇ ಆಗಿದೆಯೆಂದು ಅವರು ತೋರಿಸಿದರು. ಭಾರತೀಯರಲ್ಲಿ ಈ ಜೋಡಣೆಯನ್ನು ಡಿಆರ್‌೪ರ ಕೆಲವು ಬಗೆಗಳಲ್ಲದೆ ಡಿಆರ್‌೧೦ ಎಂಬ ಗುರುತೂ ಹೊತ್ತಿದೆ. ಬೇರೆ ಜನಾಂಗಗಳ ಮೇಲೆ ನಡೆದ ಅಧ್ಯಯನವನ್ನು ನಮ್ಮವರಿಗೆ ಹಾಗೆಯೇ ಅನ್ವಯಿಸಲಾಗದು ಎಂಬುದಕ್ಕೆ ಇನ್ನೊಂದು ನಿದರ್ಶನವುಂಟು. ೨೦೦೪ರಲ್ಲಿ ಪಿಟಿಪಿಎನ್೨೨ ಎಂಬ ವಂಶವಾಹಿಯ ಒಂದು ಮಾರ್ಪಾಟು ಯುರೋಪು ಮೂಲದವರಲ್ಲಿ ಮುಖ್ಯವಾದ ಕಾರಣಾಂಶವೆಂದು ತಿಳಿಯಿತು. ಭಾರತೀಯರಲ್ಲಿ ಆ ಮಾರ್ಪಾಟು ಅತಿ ವಿರಳ. ೨೦೧೪ರಲ್ಲಿ ಒಂದು ಲಕ್ಷಕ್ಕೂ ಮೀರಿದ ಜನರ ವಂಶವಾಹಿಗಳನ್ನು ಹೋಲಿಸಿದ ಅಧ್ಯಯನವು ಸಂಧಿವಾತಕ್ಕೆ ಸಂಬಂಧಿಸಿದ ೧೦೧ ನೆಲೆಗಳನ್ನು ಎಣಿಸಿತು. ಅವುಗಳಲ್ಲಿ ಬಹುಪಾಲು ನೆಲೆಗಳು ಕೊಡುವ ಒಲವು ಅತ್ಯಲ್ಪ. ನೂರೊಂದು ಸಣ್ಣ ಬತ್ತಿಗಳಿಂದ ಒಂದು ದೊಡ್ಡ ಉರಿ ತಾನಾಗಿ ಏಳುವುದಿಲ್ಲ. ಅದಕ್ಕೆ ಕಿಡಿ ಬೇಕು.

೭. ಹೊರಗಿನ ಕಿಡಿ

ಆ ಕಿಡಿಗಳಲ್ಲಿ ಮೊದಲು ಸ್ಥಿರಪಟ್ಟುದು ತಂಬಾಕಿನ ಹೊಗೆ. ಸ್ವೀಡನ್ನಿನ ಕ್ಲಾರೆಸ್ಕೋಗ್ ಮತ್ತು ಸಂಗಡಿಗರು ೨೦೦೬ರಲ್ಲಿ ತೋರಿಸಿದಂತೆ, ಹೊಗೆಯಿಂದ ಶ್ವಾಸಕೋಶದ ಪ್ರೋಟೀನುಗಳಲ್ಲಿ ಸಿಟ್ರುಲಿನ್ ಎಂಬ ಮಾರ್ಪಾಟು ಆಗುತ್ತದೆ. ಮೇಲೆ ಹೇಳಿದ ಗುರುತುಗಳುಳ್ಳವರಲ್ಲಿ ದೇಹವು ಈ ಮಾರ್ಪಟ್ಟ ಪ್ರೋಟೀನನ್ನು ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ಹೂಡುತ್ತದೆ. ಗುರುತಿನ ಎರಡು ಪ್ರತಿಗಳಿದ್ದು ಧೂಮಪಾನವನ್ನೂ ಮಾಡುವವರಿಗೆ, ಅವೆರಡೂ ಇಲ್ಲದವರಿಗಿಂತ ಈ ಬಗೆಯ ಸಂಧಿವಾತದ ಸಂಭವ ೨೧ ಪಟ್ಟು ಹೆಚ್ಚೆಂದು ಅವರ ಲೆಕ್ಕ.

ಎರಡನೆಯ ಕಿಡಿ ಕಲ್ಲಿನ ದೂಳು. ವೇಲ್ಸ್ ಪ್ರಾಂತದ ಕಲ್ಲಿದ್ದಲು ಗಣಿಯವರಲ್ಲಿ ಸಂಧಿವಾತವೂ ಶ್ವಾಸಕೋಶದ ಗಂಟುಗಳೂ ಒಟ್ಟಿಗೆ ಕಾಣಿಸುವುದನ್ನು ಕ್ಯಾಪ್ಲನ್ ೧೯೫೩ರಲ್ಲಿ ವರ್ಣಿಸಿದನು. ಕಲ್ಲು ಒಡೆಯುವಾಗ ಏಳುವ ಸಿಲಿಕಾ ದೂಳು ಸಂಧಿವಾತಕ್ಕೆ ಒಂದು ಕಾರಣಾಂಶವೆಂದು ಮುಂದಿನ ಅಧ್ಯಯನಗಳು ಗಟ್ಟಿಮಾಡಿದವು. ದೇವನಹಳ್ಳಿಯ ಕಡೆಯ ಕಲ್ಲುಗಣಿಗಳನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ಮೂರನೆಯದು ನಮ್ಮ ಸೀಮೆಗೆ ಇನ್ನೂ ಹತ್ತಿರವಾದುದು. ಮಲೇಷಿಯದ ಹೆಂಗಸರನ್ನು ಕುರಿತು ೨೦೧೬ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಟ್ಟೆಯ ಉದ್ಯಮದ ದೂಳಿಗೆ ಒಡ್ಡಿಕೊಂಡವರಿಗೆ ಸಂಧಿವಾತದ ಸಂಭವ ಸುಮಾರು ಮೂರು ಪಟ್ಟು ಹೆಚ್ಚೆಂದೂ, ದೂಳಿನ ಜೊತೆಗೆ ಎಚ್‌ಎಲ್‌ಎ ಗುರುತೂ ಇದ್ದವರಲ್ಲಿ ಪ್ರತಿಕಾಯಸಹಿತವಾದ ಸಂಧಿವಾತದ ಸಂಭವ ಮೂವತ್ತು ಪಟ್ಟಿಗೂ ಅಧಿಕವೆಂದೂ ಕಂಡುಬಂದಿತು. ದೊಡ್ಡಬಳ್ಳಾಪುರ ಮಗ್ಗಗಳ ಊರು. ಅಲ್ಲಿ ಮನೆಯೊಳಗೇ ವಿದ್ಯುತ್ ಮಗ್ಗಗಳನ್ನು ಹೂಡಿಕೊಂಡು ಸೀರೆ ನೇಯುವ ಕುಟುಂಬಗಳಲ್ಲಿ ತಾಯಿ, ಮಗಳು, ಸೊಸೆ ಎಲ್ಲರೂ ಒಂದೇ ದೂಳನ್ನು ಉಸಿರಾಡುತ್ತಾರೆ. ಅಂಥ ಒಂದು ಮನೆಯಲ್ಲಿ ತಾಯಿಗೂ ಮಗಳಿಗೂ ಕೈ ಊದಿದರೆ ಅದು ವಂಶದಿಂದ ಬಂತೋ, ಮಗ್ಗದ ಕೋಣೆಯಿಂದ ಬಂತೋ, ಎರಡೂ ಸೇರಿ ಬಂತೋ? ಸೊಸೆಗೂ ಊದಿದರೆ ಉತ್ತರ ಬೇರೆಯಾದೀತಲ್ಲವೆ? ವಂಶವೆಂದು ಸುಮ್ಮನಾದರೆ ಕಿಟಕಿ ತೆರೆಸುವ, ದೂಳು ತಗ್ಗಿಸುವ ಯೋಚನೆ ಯಾರಿಗೂ ಬರುವುದಿಲ್ಲ. ‘ವಂಶ’ ಎಂಬ ಮಾತು ಕೆಲಸದ ಸ್ಥಳದ ದೋಷವನ್ನು ಮರೆಸುವ ಪರದೆಯಾಗಬಾರದು.

ಮನೆಯಲ್ಲಿ ಹಲವರಿಗೆ ಬಂದುದೆಲ್ಲ ವಂಶದ್ದಲ್ಲವೆಂಬುದನ್ನು ನಾಡೇ ಒಮ್ಮೆ ಕಣ್ಣಾರೆ ಕಂಡಿದೆ. ೨೦೦೬ರಲ್ಲಿ ಚಿಕೂನ್‌ಗುನ್ಯ ಜ್ವರ ಹಬ್ಬಿದಾಗ ಕರ್ನಾಟಕವೊಂದರಲ್ಲಿಯೇ ಏಳೂವರೆ ಲಕ್ಷಕ್ಕೂ ಮೀರಿದ ಶಂಕಿತ ಪ್ರಕರಣಗಳು ದಾಖಲಾದವು. ಮನೆಮಂದಿಯೆಲ್ಲ ಕೀಲು ಹಿಡಿದು ಮಲಗಿದರು. ಕೆಲವರ ಕೈಕಾಲು ಊತ ತಿಂಗಳುಗಟ್ಟಲೆ ಉಳಿದು ಸಂಧಿವಾತವನ್ನೇ ಹೋಲುತ್ತಿತ್ತು. ಅಲ್ಲಿ ಮನೆಯವರನ್ನು ಕೂಡಿಸಿದ್ದು ರಕ್ತಸಂಬಂಧವಲ್ಲ, ಸೊಳ್ಳೆ. ಹಂದಿಗೋಡಿನಲ್ಲಿ ಹೊರಗಿನದೆಂದು ತೋರಿದುದು ವಂಶದ್ದಾಗಿತ್ತು. ಇಲ್ಲಿ ವಂಶದಂತೆ ಕಂಡದ್ದು ಹೊರಗಿನದಾಗಿತ್ತು.

೮. ಲೆಕ್ಕವೂ ನಿರ್ಣಯವೂ

ಇನ್ನು ಮೊದಲಿನ ಪ್ರಶ್ನೆಗೆ ಉತ್ತರ ಹೇಳುವ ಕಾಲ ಬಂದಿದೆ. ದೆಹಲಿಯ ಬಳಿಯ ಹಳ್ಳಿಗಳಲ್ಲಿ ೪೪,೫೫೧ ವಯಸ್ಕರನ್ನು ವಿಚಾರಿಸಿ ಮಾಳವೀಯ ಮತ್ತು ಸಂಗಡಿಗರು ೧೯೯೩ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸಂಧಿವಾತವುಳ್ಳವರು ಸಾವಿರಕ್ಕೆ ಏಳೆಂಟು ಮಂದಿ. ತಂದೆ, ತಾಯಿ ಅಥವಾ ಒಡಹುಟ್ಟಿದವರಲ್ಲಿ ಒಬ್ಬರಿಗೆ ರೋಗವಿದ್ದರೆ ಸಂಭವ ಸುಮಾರು ಮೂರು ಪಟ್ಟಾಗುವುದೆಂದು ಸ್ವೀಡನ್ನಿನ ದಾಖಲೆಗಳು ಹೇಳುತ್ತವೆ. ಎರಡನ್ನೂ ಕೂಡಿಸಿದರೆ, ಅಂಥ ಮನೆಗಳ ಸಾವಿರ ಮಕ್ಕಳಲ್ಲಿ ಸ್ಥೂಲವಾಗಿ ೨೨–೨೩ ಮಂದಿಗೆ ರೋಗ ಬಂದೀತು. ಉಳಿದ ೯೭೫ಕ್ಕೂ ಹೆಚ್ಚು ಮಂದಿಗೆ ಬಾರದು. ಹೆಣ್ಣುಮಕ್ಕಳಲ್ಲಿ ಈ ಸಂಖ್ಯೆ ಕೊಂಚ ಏರುವುದು ಸಹಜ. ಇಡೀ ಆಯುಷ್ಯವನ್ನು ಹಿಡಿದು ಎಣಿಸಿದರೆ ಇನ್ನೂ ಸ್ವಲ್ಪ ಏರಬಹುದು. ಆದರೂ ಹಂದಿಗೋಡಿನ ಎರಡರಲ್ಲೊಂದು ಪಾಲಿಗೆ ಅದು ಎಂದೂ ಸಮನಾಗದು. ಈ ಅಂಕಿಗಳನ್ನು ಮುಂದಿಟ್ಟುಕೊಂಡು, ತಾಯಿಯ ಕೈ ನೋಡಿ ಮಗಳ ಸಂಬಂಧವನ್ನು ಬಿಡುವುದು ನ್ಯಾಯವೆಂದು ಹೇಳಲು ನಮಗೆ ಸಾಧ್ಯವಾಗಿಲ್ಲ.

ಬಂದರೂ ಇಂದು ಈ ರೋಗ ಹಿಂದಿನಂತೆ ಕೈಗಳನ್ನು ಸೊಟ್ಟಗೆ ಮಾಡಿಯೇ ತೀರಬೇಕೆಂಬ ನಿಯಮವಿಲ್ಲ. ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆ ಸಿದ್ಧಪಡಿಸಿದ ಅಮೈನಾಪ್ಟೆರಿನ್ ಎಂಬ ಔಷಧವನ್ನು ಗಬ್ನರ್ ೧೯೫೧ರಲ್ಲಿ ಸಂಧಿವಾತಕ್ಕೆ ಕೊಟ್ಟು ಗುಣ ಕಂಡನು. ಅದರ ದಾಯಾದಿಯಾದ ಮೆಥೊಟ್ರೆಕ್ಸೇಟ್ ೧೯೮೦ರ ದಶಕದಿಂದ ಈಚೆಗೆ ಈ ರೋಗದ ಮುಖ್ಯ ಔಷಧವಾಗಿದೆ. ಅನಂತರ ಇನ್ನೂ ಪ್ರಬಲವಾದ ಔಷಧಗಳು ಬಂದಿವೆ. ಇವೆಲ್ಲಕ್ಕೂ ಒಂದೇ ಷರತ್ತು: ಎಲುಬು ಸವೆಯುವ ಮೊದಲೇ, ಊತ ಕಂಡ ಕೆಲವು ತಿಂಗಳುಗಳ ಒಳಗಾಗಿ ವೈದ್ಯರನ್ನು ಕಾಣಬೇಕು. ಸಂಬಂಧ ತಪ್ಪೀತೆಂಬ ಭಯದಿಂದ ಆ ತಿಂಗಳುಗಳನ್ನು ಮುಚ್ಚಿಟ್ಟು ಕಳೆದರೆ, ವಂಶವಾಹಿ ಮಾಡದ ಕೇಡನ್ನು ಅಪವಾದ ಮಾಡಿದಂತಾಗುತ್ತದೆ.

ಸುಶ್ರುತನ ಆದಿಬಲದಿಂದ ಇಂದಿನ ನೂರೊಂದು ನೆಲೆಗಳ ವರೆಗೆ ‘ವಂಶ’ವೆಂಬ ಮಾತು ಬೆಳೆದುಬಂದ ಬಗೆ ಹೀಗಿದೆ. ಅರವತ್ತರ ದಶಕದಲ್ಲಿ ಈ ಜಿಲ್ಲೆಯ ಹಳ್ಳಿಗಳವರು ಕ್ಷಯವನ್ನು ಎಣಿಸುವವರಿಗೆ ಬಾಗಿಲು ತೆರೆದು ಜಗತ್ತಿಗೆ ಉಪಕಾರ ಮಾಡಿದರು. ಮಗ್ಗದ ಮನೆಗಳಲ್ಲಿಯೂ ಕಲ್ಲುಗಣಿಯ ಸುತ್ತಿನ ಊರುಗಳಲ್ಲಿಯೂ ಕೀಲುರೋಗವನ್ನು ಅದೇ ತಾಳ್ಮೆಯಿಂದ ಎಣಿಸುವ ಕೆಲಸ ನಡೆದರೆ, ಯಾವುದು ರಕ್ತದ ಪಾಲು, ಯಾವುದು ದೂಳಿನ ಪಾಲು ಎಂಬುದನ್ನು ಆ ಮನೆಯವರ ಎದುರಿನಲ್ಲಿಯೇ ಕೂತು ಹೇಳಬಹುದು. ಅಲ್ಲಿಯ ವರೆಗೆ, ಸಂಬಂಧ ನೋಡಲು ಹೋದ ಹಿರಿಯರು ಕೇಳುವ ಪ್ರಶ್ನೆಗೆ ಮೇಲಿನ ಲೆಕ್ಕವನ್ನೇ ಉತ್ತರವಾಗಿ ಕೊಡಬೇಕೆಂದು ಸೂಚಿಸಿ ಈ ವಿವೇಚನೆಯನ್ನು ಮುಗಿಸುತ್ತೇವೆ.